ಮೈ, ಮನಸ್ಸು, ರಾಜ್ಯ: ಹಳೆಯ ದಾವ್ ಗ್ರಂಥಗಳಲ್ಲಿ ಯಾವುದನ್ನು ಮೊದಲು ಓದಬೇಕು?

ಚೀನಾದ ಹಳೆಯ ಗ್ರಂಥ ದಾವ್ ದ ಜಿಂಗ್‌ನ 10ನೇ ಅಧ್ಯಾಯದ ತುಂಬ ಪ್ರಶ್ನೆಗಳೇ. ಉಸಿರನ್ನು ಒಂದೆಡೆ ನಿಲ್ಲಿಸಿ ಎಳೆಗೂಸಿನಷ್ಟು ಮೆತ್ತಗಾಗಬಲ್ಲೆಯಾ? ಒಳಗಿನ ಕನ್ನಡಿಯನ್ನು ಒಂದೂ ಕಲೆ ಉಳಿಯದ ಹಾಗೆ ಒರೆಸಬಲ್ಲೆಯಾ? ಇಲ್ಲಿಯವರೆಗೆ ಧ್ಯಾನಕ್ಕೆ ಕೂತ ಶಿಷ್ಯನನ್ನು ಗುರು ಕೇಳುವ ಹಾಗಿದೆ. ಮುಂದಿನ ಸಾಲು: ಜನರನ್ನು ಪ್ರೀತಿಸುತ್ತಾ, ಜಾಣತನ ಬಳಸದೆ, ರಾಜ್ಯ ಆಳಬಲ್ಲೆಯಾ? ನಡುವೆ ಒಂದು ವಿವರಣೆ ಇಲ್ಲ. ಉಸಿರಿನಿಂದ ನೇರ ಸಿಂಹಾಸನಕ್ಕೆ ಹೋಗಿಬಿಡುತ್ತದೆ.

ಮೊದಲ ಸಲ ಓದುವವರಿಗೆ ಈ ಜಿಗಿತ ವಿಚಿತ್ರ ಅನ್ನಿಸುತ್ತದೆ. ಆದರೆ ಹಳೆಯ ದಾವ್ (ಅಂದರೆ ದಾರಿ, ಲೋಕ ತಾನಾಗಿ ನಡೆಯುವ ರೀತಿ) ಚಿಂತನೆಯ ಜೀವ ಇರುವುದೇ ಇಲ್ಲಿ. ತನ್ನ ಒಳಗನ್ನು ತಿದ್ದಿಕೊಳ್ಳುವುದು, ದೇಶ ಆಳುವುದು, ಇವೆರಡನ್ನೂ ಆ ಕಾಲದವರು ಒಂದೇ ಉಸಿರಿನಲ್ಲಿ ಮಾತಾಡಿದರು. ಅವರ ನಡುವೆ ಜಗಳ ಇದ್ದದ್ದು ಬೇರೆ ಕಡೆ. ಯಾವುದು ಮೊದಲು? ಯಾವುದಕ್ಕೋಸ್ಕರ ಯಾವುದು? ಎರಡೂ ಒಟ್ಟಿಗೆ ಆಗದಿದ್ದರೆ ಯಾವುದನ್ನು ಬಿಡಬೇಕು? ಇದರಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ.

ಅದಕ್ಕೇ "ದಾವ್ ಬಗ್ಗೆ ಓದಬೇಕು, ಎಲ್ಲಿಂದ ಶುರು ಮಾಡಲಿ?" ಅಂತ ಕೇಳಿದವರಿಗೆ ಒಂದೇ ಹೆಸರು ಹೇಳಿ ಕಳಿಸಿದರೆ ಸಾಲದು. ನಿಮ್ಮ ಮುಂದೆ ಐದು ಆಯ್ಕೆಗಳಿವೆ: ನೇಯ್‌ಯೆ, ಲಾವೋತ್ಸುವಿನ ದಾವ್ ದ ಜಿಂಗ್, ಜುವಾಂಗ್‌ತ್ಸು, ಮಾವಾಂಗ್‌ದುಯಿಯ ಗೋರಿಯಲ್ಲಿ ಸಿಕ್ಕ ಹುವಾಂಗ್-ಲಾವ್ ಬರಹಗಳು (ಪುರಾಣದ ಹಳದಿ ಚಕ್ರವರ್ತಿ ಮತ್ತು ಲಾವೋತ್ಸು, ಇಬ್ಬರ ಹೆಸರೂ ಸೇರಿದ ಪಂಥದವು), ಆಮೇಲೆ ಹುವಾಯ್‌ನಾನ್‌ತ್ಸು. ಇವುಗಳನ್ನು ಹೋಲಿಸಲು ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಈ ಮಾತನ್ನು ಯಾರಿಗೆ ಹೇಳಿದ್ದು? ಒಳಗಿನ ಸಾಧನೆಯಿಂದ ಆಳ್ವಿಕೆಗೆ ಹೋಗುವ ಸೇತುವೆ ಯಾವುದು? ದೊರೆ ಮನಸ್ಸು ಶಾಂತ ಮಾಡಿಕೊಂಡರೆ, ಹೊಲದಲ್ಲಿ ದುಡಿಯುವವನಿಗೆ ಏನು ಸಿಗುತ್ತದೆ?

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ದೊರೆಯ ನೆಮ್ಮದಿಯನ್ನು ಹೊಗಳುವ ಬರಹ ಬೇಕಾದಷ್ಟಿದೆ. ಆ ನೆಮ್ಮದಿಯ ಖರ್ಚು ಯಾರು ಹೊರುತ್ತಾರೆ ಅಂತ ಕೇಳದೆ ಇವುಗಳನ್ನು ಓದಿದರೆ ಅರ್ಧ ಮಾತ್ರ ಓದಿದ ಹಾಗೆ.

ಕಾಲದ ಬಗ್ಗೆ ಎರಡು ಮಾತು. ಇವುಗಳಲ್ಲಿ ಹಳೆಯವು ಹುಟ್ಟಿದ್ದು ಚೀನಾದ ಯುದ್ಧ ರಾಜ್ಯಗಳ ಯುಗದಲ್ಲಿ. ಕ್ರಿ.ಪೂ. 5ನೇ ಶತಮಾನದಿಂದ, ಚಿನ್ ರಾಜ್ಯ ಎಲ್ಲರನ್ನೂ ನುಂಗಿದ ಕ್ರಿ.ಪೂ. 221ರವರೆಗೆ. ದೊಡ್ಡ ರಾಜ್ಯಗಳು ಒಂದನ್ನೊಂದು ತಿನ್ನುತ್ತಿದ್ದವು. ರೈತರನ್ನು ಹಿಡಿದು ಸೈನ್ಯಕ್ಕೆ, ಕೋಟೆ ಕೆಲಸಕ್ಕೆ ಹಚ್ಚುತ್ತಿದ್ದರು. ಓದಿದವರು ಒಂದು ಆಸ್ಥಾನದಿಂದ ಇನ್ನೊಂದಕ್ಕೆ ಅಲೆಯುತ್ತಿದ್ದರು. ಹಾಗಾಗಿ ಆ ಕಾಲದ ಬಹುತೇಕ ಬರಹ ಎಲ್ಲೋ ಒಂದು ಕಡೆ ದೊರೆಯ ಕಿವಿಯನ್ನು ಹುಡುಕುತ್ತಿರುತ್ತದೆ.

ನೇಯ್‌ಯೆ: ಚಿಕ್ಕದು, ಹಳೆಯದು, ಸೀದಾ

ಇದು ಬಿಡಿ ಪುಸ್ತಕವಾಗಿ ಉಳಿದು ಬಂದದ್ದಲ್ಲ. ಗುವಾನ್‌ತ್ಸು ಅನ್ನುವ ದೊಡ್ಡ ಸಂಕಲನದ 49ನೇ ಅಧ್ಯಾಯ. ಆ ಸಂಕಲನಕ್ಕೆ ಚೀ ರಾಜ್ಯದ ಮಂತ್ರಿ ಗುವಾನ್ ಜೊಂಗ್‌ನ ಹೆಸರಿದೆ. ಅವನು ಸತ್ತದ್ದು ಕ್ರಿ.ಪೂ. 645ರಲ್ಲಿ. ಬರಹಗಳು ಅವನಿಗಿಂತ ಎಷ್ಟೋ ಕಾಲ ಈಚಿನವು. ನೇಯ್‌ಯೆ ಕ್ರಿ.ಪೂ. 4ನೇ ಶತಮಾನದ್ದು ಅನ್ನುವುದು ಬಹಳ ವಿದ್ವಾಂಸರ ಅಭಿಪ್ರಾಯ. ಚೀ ರಾಜಧಾನಿ ಲಿನ್‌ತ್ಸದಲ್ಲಿ ದೊರೆಗಳು ಸಾಕಿದ ಜೀಶಿಯಾ ವಿದ್ವಾಂಸರ ಕೂಟದ ಜೊತೆ ಇದರ ನಂಟು ಹೇಳುತ್ತಾರೆ. ಇರುವುದು ಸುಮಾರು 1600 ಅಕ್ಷರ, ಹೆಚ್ಚಿನದು ಪ್ರಾಸದ ಸಾಲುಗಳು. ಒಂದು ಸಂಜೆಗೆ ಓದಿ ಮುಗಿಯುತ್ತದೆ.

ಇಲ್ಲಿ ಕಥೆಯಿಲ್ಲ, ಒಗಟಿಲ್ಲ. ಮೈ ನೆಟ್ಟಗಿರಲಿ, ಕೈಕಾಲು ನಿಶ್ಚಲವಾಗಿರಲಿ, ಉಸಿರು ಶಾಂತವಾಗಲಿ. ಮನಸ್ಸನ್ನು ಒಂದು ಮನೆಯ ಹಾಗೆ ಗುಡಿಸಿಟ್ಟರೆ ಪ್ರಾಣಶಕ್ತಿ ತಾನಾಗಿ ಬಂದು ನೆಲೆಸುತ್ತದೆ. ಊಟದ ಬಗ್ಗೆಯೂ ಮಾತಿದೆ. ಹೊಟ್ಟೆ ಬಿರಿಯೆ ತಿಂದರೆ ಮೈ ಕೆಡುತ್ತದೆ, ತೀರಾ ಬಿಟ್ಟರೆ ಮೂಳೆ ಒಣಗುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ, ನಡುವಿನದೇ ಹದ. ಸಿಟ್ಟು ತಡೆಯಲು ಕವಿತೆಗಿಂತ ಒಳ್ಳೆಯದಿಲ್ಲ, ಚಿಂತೆ ಕಳೆಯಲು ಸಂಗೀತಕ್ಕಿಂತ ಒಳ್ಳೆಯದಿಲ್ಲ ಅನ್ನುವ ಸಾಲೂ ಇದೆ. ಕವಿತೆ, ಸಂಗೀತದ ಮಾತು ಸಾಮಾನ್ಯವಾಗಿ ಚೀನೀ ಗುರು ಕನ್‌ಫ್ಯೂಷಿಯಸ್‌ನ ಪಂಥದ್ದು. ದಾವ್ ಅಂದರೆ ಅವನಿಗೆ ಪೂರ್ತಿ ವಿರುದ್ಧ ಅಂದುಕೊಂಡವರಿಗೆ ಇದು ಆಶ್ಚರ್ಯ. ಪಂಥಗಳ ಗೋಡೆ ಇನ್ನೂ ಎದ್ದಿರದ ಕಾಲದ ಬರಹ ಇದು.

ಆಳ್ವಿಕೆ ಎಲ್ಲಿ ಬಂತು? ಒಳಗೆ ಮನಸ್ಸು ಹದಕ್ಕೆ ಬಂದರೆ ಬಾಯಿಂದ ಹದವಾದ ಮಾತು ಬರುತ್ತದೆ, ಜನರ ಮೇಲೆ ಬೀಳುವ ಕೆಲಸವೂ ಹದವಾಗಿರುತ್ತದೆ, ಆಗ ಲೋಕ ಹದಕ್ಕೆ ಬರುತ್ತದೆ. ಇನ್ನೊಂದು ಕಡೆ ಖಾರವಾಗಿಯೇ ಹೇಳುತ್ತದೆ. ಒಳ್ಳೆಯತನ ಬೆಳೆಸಲು ಬಹುಮಾನ ಸಾಲದು, ತಪ್ಪು ತಡೆಯಲು ಶಿಕ್ಷೆ ಸಾಲದು, ಮನಸ್ಸು ನೆಲೆ ನಿಂತರೆ ಲೋಕ ಕಿವಿಗೊಡುತ್ತದೆ. ಬಹುಮಾನ ಮತ್ತು ಶಿಕ್ಷೆಯೇ ಆಳ್ವಿಕೆಯ ಎರಡು ಹಿಡಿಕೆ ಅಂತ ಹಲವರು ನಂಬಿದ್ದ ಕಾಲದಲ್ಲಿ ಬರೆದ ಸಾಲು ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಸೇತುವೆ ಸ್ಪಷ್ಟವಾಗಿದೆ: ಮನಸ್ಸು, ಮಾತು, ಕೆಲಸ, ಲೋಕ. ಆದರೆ ನನ್ನ ಮೂರನೇ ಪ್ರಶ್ನೆಗೆ ಇಲ್ಲಿ ಉತ್ತರ ಕಡಿಮೆ. ಲೋಕ ಮಣಿಯುತ್ತದೆ ಅನ್ನುತ್ತದೆ, ಸರಿ. ಮಣಿದ ಮೇಲೆ ಅವರ ಹೊಟ್ಟೆಗೆ ಏನು, ತೆರಿಗೆ ಎಷ್ಟು, ಅದರ ಸುದ್ದಿಗೇ ಹೋಗುವುದಿಲ್ಲ. ಅದೇ ಸಂಕಲನದ 36ನೇ ಅಧ್ಯಾಯ ಸ್ವಲ್ಪ ಮುಂದೆ ಹೋಗುತ್ತದೆ. ಮೈಯೊಳಗೆ ಮನಸ್ಸಿನದು ದೊರೆಯ ಜಾಗ, ಕಣ್ಣು ಕಿವಿ ಮೊದಲಾದ ಒಂಬತ್ತು ದ್ವಾರಗಳು ಅಧಿಕಾರಿಗಳು. ಕುದುರೆಯ ಬದಲು ನೀನು ಓಡಬೇಡ, ಹಕ್ಕಿಯ ಬದಲು ನೀನು ಹಾರಬೇಡ. ಕೈಕೆಳಗಿನವರ ಕೆಲಸದಲ್ಲೆಲ್ಲ ಮೂಗು ತೂರಿಸುವ ಮೇಲಧಿಕಾರಿಗಳಿಗೆ ಇಷ್ಟು ಸಾಕು.

ಲಾವೋತ್ಸು: ದೊರೆಗೆ ಬರೆದ ಪುಸ್ತಕ

ದಾವ್ ದ ಜಿಂಗ್ ಇವತ್ತು ಮನಶ್ಶಾಂತಿಯ ಪುಸ್ತಕಗಳ ಸಾಲಿನಲ್ಲಿ ಕೂತಿದೆ. ಅದನ್ನು ಹಾಗೆ ಓದುವುದು ತಪ್ಪಲ್ಲ, ಆದರೆ ತುಂಬಾ ಕಳೆದುಹೋಗುತ್ತದೆ. 81 ಅಧ್ಯಾಯ, ಸುಮಾರು 5000 ಅಕ್ಷರ. ಅದರಲ್ಲಿ ದೊರೆ, ಜನ, ರಾಜ್ಯ, ಸೈನ್ಯ, ತೆರಿಗೆಯ ಮಾತು ಮತ್ತೆ ಮತ್ತೆ ಬರುತ್ತದೆ. ಇತಿಹಾಸಕಾರ ಸೀಮಾ ಚಿಯೆನ್ ಸುಮಾರು ಕ್ರಿ.ಪೂ. 100ರಲ್ಲಿ ಲಾವೋತ್ಸುವಿನ ಬಗ್ಗೆ ಬರೆದಾಗ ಅವನನ್ನು ಜೋವ್ ರಾಜವಂಶದ ಆಸ್ಥಾನದಲ್ಲಿ ದಾಖಲೆ ನೋಡಿಕೊಳ್ಳುವವನು ಅಂದ. ಅವನು ಇವನೇ ಇರಬಹುದು, ಇಲ್ಲಾ ಅವನಿರಬಹುದು ಅಂತ ಬೇರೆ ಹೆಸರುಗಳನ್ನೂ ಕೊಟ್ಟ. ಅದೇ ಅಧ್ಯಾಯದಲ್ಲಿ ಕಟ್ಟುನಿಟ್ಟು ಕಾನೂನಿನ ಚಿಂತಕ ಹಾನ್ ಫೇಯನ್ನೂ ಸೇರಿಸಿದ. ಲಾವೋತ್ಸುವನ್ನು ಆಗಿನವರು ರಾಜಕೀಯದ ಪಕ್ಕದಲ್ಲಿಟ್ಟು ನೋಡುತ್ತಿದ್ದರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಪಠ್ಯ ಹಳೆಯದು ಅನ್ನುವುದಕ್ಕೆ ನೆಲದೊಳಗಿನ ಸಾಕ್ಷಿಯಿದೆ. 1993ರಲ್ಲಿ ಹುಬೇ ಪ್ರಾಂತ್ಯದ ಗುವೋದಿಯೆನ್‌ನ ಗೋರಿಯಲ್ಲಿ ಬಿದಿರಿನ ಪಟ್ಟಿಗಳು ಸಿಕ್ಕವು. ಕ್ರಿ.ಪೂ. 300ರ ಆಸುಪಾಸಿನವು. ಅದರಲ್ಲಿ ಈಗಿನ ಪಠ್ಯದ ಐದರಲ್ಲಿ ಎರಡು ಪಾಲಿನಷ್ಟಿದೆ, ಮೂರು ಕಟ್ಟುಗಳಲ್ಲಿ, ಬೇರೆಯೇ ಕ್ರಮದಲ್ಲಿ.

ಒಳಗಿನಿಂದ ಹೊರಗೆ ಹೋಗುವ ಸೇತುವೆ ಲಾವೋತ್ಸುವಿನಲ್ಲಿ ಒಂದೇ ಅಲ್ಲ. 13ನೇ ಅಧ್ಯಾಯದ್ದು ನನಗೆ ಬಹಳ ಇಷ್ಟ. ತನ್ನ ಮೈಗೆ ಲೋಕದಷ್ಟೇ ಬೆಲೆ ಕೊಡುವವನ ಕೈಗೆ ಲೋಕವನ್ನು ಒಪ್ಪಿಸಬಹುದು. ಸ್ವಾರ್ಥದ ಮಾತು ಅನ್ನಿಸುತ್ತದೆ, ಅಲ್ವಾ? ಒಂದು ಕ್ಷಣ ತಡೆದು ಯೋಚಿಸಿ. ಕೀರ್ತಿಗಾಗಿ, ಗೆಲುವಿಗಾಗಿ ತನ್ನ ಮೈಯನ್ನೇ ಪಣಕ್ಕಿಡುವ ದೊರೆ ಬೇರೆಯವರ ಮೈಯನ್ನು ಪಣಕ್ಕಿಡಲು ಹಿಂದೆ ಮುಂದೆ ನೋಡುತ್ತಾನಾ? ಜೀವದ ಬೆಲೆ ತನ್ನಲ್ಲೇ ಗೊತ್ತಿಲ್ಲದವನಿಗೆ ಸೈನಿಕನ ಜೀವದ ಬೆಲೆ ಗೊತ್ತಾಗುವುದಿಲ್ಲ. ಒಳಗಿನ ಸಾಧನೆ ಇಲ್ಲಿ ಅಧಿಕಾರ ಪಡೆಯುವ ಅರ್ಹತೆಯಾಗುತ್ತದೆ.

54ನೇ ಅಧ್ಯಾಯದಲ್ಲಿ ಮೆಟ್ಟಿಲುಗಳಿವೆ: ಮೈ, ಮನೆ, ಊರು, ರಾಜ್ಯ, ಲೋಕ. ಪ್ರತಿಯೊಂದರಲ್ಲೂ ದಾವನ್ನು ನೆಟ್ಟು ಬೆಳೆಸು ಅನ್ನುತ್ತದೆ. ಕನ್‌ಫ್ಯೂಷಿಯಸ್ ಪಂಥದವರಲ್ಲೂ ಇಂಥ ಮೆಟ್ಟಿಲಿದೆ. ಆದರೆ ಲಾವೋತ್ಸು ಇನ್ನೊಂದು ಮಾತು ಸೇರಿಸುತ್ತಾನೆ. ಮೈಯನ್ನು ಮೈಯಿಂದ ಅಳೆ, ಊರನ್ನು ಊರಿನಿಂದ ಅಳೆ, ಲೋಕವನ್ನು ಲೋಕದಿಂದ ಅಳೆ. ಮನೆ ಚೆನ್ನಾಗಿ ನಡೆಸಿದವನು ದೇಶವನ್ನೂ ಮನೆಯ ಹಾಗೆ ನಡೆಸಿಬಿಡುತ್ತಾನೆ ಅನ್ನುವ ಭರವಸೆ ಇಲ್ಲಿ ಇಲ್ಲ. ಒಂದೊಂದಕ್ಕೆ ಒಂದೊಂದು ಅಳತೆ.

17ನೇ ಅಧ್ಯಾಯ ದೊರೆಗಳನ್ನು ನಾಲ್ಕು ದರ್ಜೆಯಲ್ಲಿಡುತ್ತದೆ. ಎಲ್ಲರಿಗಿಂತ ಮೇಲಿನವನು ಇದ್ದಾನೆ ಅನ್ನುವುದಷ್ಟೇ ಜನರಿಗೆ ಗೊತ್ತು. ಅವನ ಕೆಳಗೆ, ಜನ ಪ್ರೀತಿಸಿ ಹೊಗಳುವವನು. ಅವನ ಕೆಳಗೆ, ಜನ ಹೆದರುವವನು. ಕೊನೆಗೆ, ಜನ ತುಚ್ಛವಾಗಿ ಕಾಣುವವನು. ಜನಪ್ರಿಯ ನಾಯಕನಿಗೆ ಎರಡನೇ ಸ್ಥಾನ! ಮೇಲ್ದರ್ಜೆಯವನ ಕಾಲದಲ್ಲಿ ಕೆಲಸ ಆದ ಮೇಲೆ ಜನ "ನಾವೇ ಮಾಡಿಕೊಂಡೆವು" ಅನ್ನುತ್ತಾರೆ. ಹೀಗೆ ಕಾಣದ ಹಾಗೆ ಇರಬೇಕಾದರೆ ಹೊಗಳಿಕೆಯ ಹಸಿವು ಒಳಗೇ ಸತ್ತಿರಬೇಕು. 10ನೇ ಅಧ್ಯಾಯದ ಉಸಿರಿನ ಸಾಧನೆ ಯಾಕೆ ಬೇಕು ಅನ್ನುವುದು ಇಲ್ಲಿ ತಿಳಿಯುತ್ತದೆ.

ಜನರಿಗೆ ಏನು ಸಿಗುತ್ತದೆ ಅನ್ನುವ ಪ್ರಶ್ನೆಗೆ ಲಾವೋತ್ಸು ಎರಡು ದನಿಯಲ್ಲಿ ಉತ್ತರಿಸುತ್ತಾನೆ. 75ನೇ ಅಧ್ಯಾಯ: ಜನ ಹಸಿದಿರುವುದು ಮೇಲಿನವರು ತೆರಿಗೆಯನ್ನು ಜಾಸ್ತಿ ತಿನ್ನುವುದರಿಂದ. 57: ನಿಷೇಧ ಹೆಚ್ಚಿದಷ್ಟೂ ಜನ ಬಡವಾಗುತ್ತಾರೆ, ಕಾನೂನು ಹೆಚ್ಚಿದಷ್ಟೂ ಕಳ್ಳರು ಹೆಚ್ಚುತ್ತಾರೆ. 60: ದೊಡ್ಡ ರಾಜ್ಯ ಆಳುವುದು ಸಣ್ಣ ಮೀನು ಬೇಯಿಸಿದ ಹಾಗೆ, ಅಂದರೆ ಜಾಸ್ತಿ ಕದಡಿದರೆ ಪುಡಿಯಾಗುತ್ತದೆ. ಇವು ಜನರ ಪರವಾಗಿ ನಿಂತ ಮಾತುಗಳು. ಆದರೆ 3ನೇ ಅಧ್ಯಾಯ ಜನರ ಹೊಟ್ಟೆ ತುಂಬಿಸು, ಮನಸ್ಸು ಖಾಲಿ ಮಾಡು, ಅವರಿಗೆ ತಿಳಿವೂ ಬೇಡ ಬಯಕೆಯೂ ಬೇಡ ಅನ್ನುತ್ತದೆ. 65ನೆಯದು ಹಿಂದಿನ ಕಾಲದಲ್ಲಿ ದಾವ್ ಬಲ್ಲವರು ಜನರನ್ನು ಜಾಣರನ್ನಾಗಿಸಲಿಲ್ಲ, ಮುಗ್ಧರಾಗಿಟ್ಟರು ಅನ್ನುತ್ತದೆ. ಇದನ್ನು ಮೆದು ಮಾಡಿ ವಿವರಿಸುವವರು ಬಹಳ ಜನ. ದೊರೆಯೂ ತನ್ನ ಜಾಣತನ ಬಿಡಬೇಕು, ಇಬ್ಬರಿಗೂ ಒಂದೇ ನಿಯಮ ಅನ್ನುತ್ತಾರೆ. ಅದರಲ್ಲಿ ನಿಜ ಇದೆ. ಆದರೂ ಮನಸ್ಸು ಖಾಲಿ ಮಾಡಿಕೊಳ್ಳುವುದು ದೊರೆಗೆ ಆಯ್ಕೆ, ಜನರಿಗೆ ಹೊರಗಿನಿಂದ ಬಂದ ಹೇರಿಕೆ. ಈ ವ್ಯತ್ಯಾಸವನ್ನು ಮರೆತು ಲಾವೋತ್ಸುವನ್ನು ಪ್ರೀತಿಸಲು ನನಗೆ ಆಗುವುದಿಲ್ಲ. ನೀವೂ ಆ ಎರಡು ಅಧ್ಯಾಯಗಳನ್ನು ದಾಟಿಸಿಬಿಡಬೇಡಿ.

ಕನ್ನಡದಲ್ಲಿ ಓದುವವರಿಗೆ ಒಂದು ಅನುಕೂಲ ಇದೆ. ಯು. ಆರ್. ಅನಂತಮೂರ್ತಿ ಇದನ್ನು ಕನ್ನಡಕ್ಕೆ ತಂದಿದ್ದಾರೆ.

ಜುವಾಂಗ್‌ತ್ಸು: ಸಿಂಹಾಸನ ಬೇಡ ಅನ್ನುವವರ ಕಥೆಗಳು

ಓದುವ ಸುಖಕ್ಕೆ ಇದನ್ನು ಮೀರಿಸುವುದು ಈ ಐದರಲ್ಲಿ ಇಲ್ಲ. ಈಗ ಉಳಿದಿರುವುದು 33 ಅಧ್ಯಾಯ. ಕ್ರಿ.ಶ. 312ರಲ್ಲಿ ತೀರಿಕೊಂಡ ಗುವೋ ಶಿಯಾಂಗ್ ಒಪ್ಪ ಮಾಡಿಟ್ಟ ರೂಪ ಇದು. ಮೊದಲ ಏಳನ್ನು ಒಳ ಅಧ್ಯಾಯಗಳು ಅನ್ನುತ್ತಾರೆ, ಹೆಚ್ಚಿನವರ ಪ್ರಕಾರ ಜುವಾಂಗ್ ಜೋವ್‌ನ (ಜುವಾಂಗ್‌ತ್ಸುವಿನ ನಿಜ ಹೆಸರು ಇದು) ಸ್ವಂತ ದನಿ ಇರುವುದು ಅಲ್ಲಿ. ಮಿಕ್ಕ 26ರಲ್ಲಿ ಬೇರೆ ಬೇರೆ ಕೈಗಳು ಕಾಣುತ್ತವೆ.

ಮೊದಲನೇ ಅಧ್ಯಾಯದಲ್ಲೇ ಯಾವ್ ಅನ್ನುವ ಪುರಾಣದ ಚಕ್ರವರ್ತಿ ಶೂ ಯೂ ಅನ್ನುವ ಏಕಾಂತವಾಸಿಗೆ ಲೋಕವನ್ನೇ ಕೊಡಲು ಬರುತ್ತಾನೆ. ಶೂ ಯೂ ಬೇಡ ಅನ್ನುತ್ತಾನೆ. ಸಣ್ಣ ಹಕ್ಕಿ ಕಾಡಿನಲ್ಲಿ ಗೂಡು ಕಟ್ಟಲು ಒಂದು ಕೊಂಬೆ ಸಾಕು, ಹೊಳೆಯಲ್ಲಿ ನೀರು ಕುಡಿಯುವ ಹೆಗ್ಗಣಕ್ಕೆ ಹೊಟ್ಟೆ ತುಂಬಿದರೆ ಸಾಕು. 17ರಲ್ಲಿ ಪೂ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದ ಜುವಾಂಗ್‌ತ್ಸುವಿನ ಬಳಿಗೆ ಚೂ ದೊರೆಯ ದೂತರು ಮಂತ್ರಿಗಿರಿ ಹೊತ್ತು ಬರುತ್ತಾರೆ. ಸತ್ತು ಪೂಜೆಗೊಳ್ಳುವ ಆಮೆಯಾಗುವುದಕ್ಕಿಂತ ಕೆಸರಿನಲ್ಲಿ ಬಾಲ ಎಳೆಯುತ್ತಾ ಬದುಕಿರುವುದೇ ಲೇಸು ಅಂತ ಅವನು ತಿರುಗಿಯೂ ನೋಡದೆ ಹೇಳಿ ಕಳಿಸುತ್ತಾನೆ. 28ನೇ ಅಧ್ಯಾಯವಂತೂ ಸಿಂಹಾಸನ ಒಲ್ಲದವರ ಪಟ್ಟಿಯೇ. ಅಲ್ಲಿ ಒಂದು ಕಟುವಾದ ಸಾಲು ಬರುತ್ತದೆ: ದಾವ್‌ನ ತಿರುಳು ಮೈಯನ್ನು ನೋಡಿಕೊಳ್ಳಲು, ಅದರಲ್ಲಿ ಉಳಿದದ್ದು ರಾಜ್ಯಕ್ಕೆ, ಕಸಕಡ್ಡಿ ಲೋಕ ಆಳಲು.

ಇಷ್ಟು ಓದಿದರೆ ಜುವಾಂಗ್‌ತ್ಸುವನ್ನು ಕೈತೊಳೆದುಕೊಂಡು ಹೊರಟವನು ಅಂದುಬಿಡಬಹುದು. 4ನೇ ಅಧ್ಯಾಯ ಓದಿದ ಮೇಲೆ ಹಾಗನ್ನುವುದು ಕಷ್ಟ.

ಅಲ್ಲಿ ಯೆನ್ ಹುಯಿ ಅನ್ನುವ ಶಿಷ್ಯ ಕನ್‌ಫ್ಯೂಷಿಯಸ್ ಹತ್ತಿರ ಬಂದು ವೇ ರಾಜ್ಯಕ್ಕೆ ಹೊರಟೆ ಅನ್ನುತ್ತಾನೆ. ಯಾಕೆ? ಅಲ್ಲಿನ ದೊರೆ ಹರೆಯದವನು, ಯಾರ ಮಾತೂ ಕೇಳುವುದಿಲ್ಲ, ಅವನ ರಾಜ್ಯದಲ್ಲಿ ಸತ್ತವರು ಜೌಗಿನ ಹುಲ್ಲಿನ ಹಾಗೆ ಬಿದ್ದಿದ್ದಾರೆ. ಅವನನ್ನು ತಿದ್ದಬೇಕು. ಒಳ್ಳೆಯ ಹುಡುಗ, ಒಳ್ಳೆಯ ಉದ್ದೇಶ. ಗುರು ಹೇಳುತ್ತಾನೆ: ನೀನು ಹೋದರೆ ಸಾಯುತ್ತೀಯ ಅಷ್ಟೇ. ಹಿಂದಿನವರು ಮೊದಲು ತಮ್ಮಲ್ಲಿ ನೆಲೆ ಮಾಡಿಕೊಂಡು ಆಮೇಲೆ ಬೇರೆಯವರಲ್ಲಿ ನೆಲೆ ಮಾಡಿದರು. ನಿನ್ನಲ್ಲೇ ಇನ್ನೂ ನೆಲೆ ನಿಂತಿಲ್ಲ, ದುಷ್ಟನ ನಡತೆಗೆ ಕೈಹಾಕಲು ಪುರುಸೊತ್ತು ಎಲ್ಲಿದೆ? ಯೆನ್ ಹುಯಿ ಒಂದರ ಮೇಲೊಂದು ಉಪಾಯ ಹೇಳುತ್ತಾನೆ. ಒಂದೂ ಒಪ್ಪಿಗೆಯಾಗುವುದಿಲ್ಲ. ಕೊನೆಗೆ ಗುರು "ಉಪವಾಸ ಮಾಡು" ಅನ್ನುತ್ತಾನೆ. ಹುಡುಗ ಹೇಳುತ್ತಾನೆ, ನಮ್ಮದು ಬಡ ಮನೆ, ತಿಂಗಳುಗಟ್ಟಲೆ ಹೆಂಡವಿಲ್ಲ ಮಾಂಸವಿಲ್ಲ, ಅದು ಉಪವಾಸ ಅಲ್ವಾ? ಗುರು ಅನ್ನುತ್ತಾನೆ, ಅದು ಪೂಜೆಯ ಉಪವಾಸ, ನಾನು ಹೇಳಿದ್ದು ಮನಸ್ಸಿನ ಉಪವಾಸ. ಕಿವಿಯಿಂದ ಕೇಳಬೇಡ, ಮನಸ್ಸಿನಿಂದ ಕೇಳು. ಮನಸ್ಸಿನಿಂದಲೂ ಕೇಳಬೇಡ, ಉಸಿರಿನಿಂದ ಕೇಳು. ಉಸಿರು ಖಾಲಿ ಇದ್ದು ಬಂದದ್ದಕ್ಕೆ ಕಾಯುತ್ತದೆ.

ಗಮನಿಸಿ, ಗುರು ಹೋಗಬೇಡ ಅಂತ ಬಾಗಿಲು ಹಾಕುವುದಿಲ್ಲ. ಆ ಪಂಜರದೊಳಗೆ ಹೋಗಬಹುದು, ಆದರೆ ಹೆಸರಿನ ಆಸೆ ಇಟ್ಟುಕೊಳ್ಳಬೇಡ. ಅವನು ಕಿವಿಗೊಟ್ಟರೆ ಹಾಡು, ಇಲ್ಲದಿದ್ದರೆ ಸುಮ್ನೆ ಇರು ಅನ್ನುತ್ತಾನೆ. ಅಧಿಕಾರದ ಎದುರು ನಿಂತು ಮಾತಾಡಬೇಕಾದವರಿಗೆ ಬರೆದ ಬರಹ ಇದು. ಲಾವೋತ್ಸು ದೊರೆಯ ಜಾಗದಿಂದ ನೋಡುತ್ತಾನೆ. ಜುವಾಂಗ್‌ತ್ಸು ದೊರೆಯ ಕೈಗೆ ಸಿಕ್ಕಿಬೀಳಬಹುದಾದವನ ಜಾಗದಿಂದ ನೋಡುತ್ತಾನೆ. ಇಬ್ಬರ ನಡುವಿನ ದೊಡ್ಡ ವ್ಯತ್ಯಾಸ ನನಗೆ ಕಾಣುವುದು ಇದೇ.

11ನೇ ಅಧ್ಯಾಯದ ಕಥೆ ನನ್ನನ್ನು ಇನ್ನೂ ಕಾಡುತ್ತದೆ. 19 ವರ್ಷ ಆಳಿದ ಹಳದಿ ಚಕ್ರವರ್ತಿ ಕೊಂಗ್‌ತೊಂಗ್ ಬೆಟ್ಟದ ಗುವಾಂಗ್‌ಚೆಂಗ್‌ತ್ಸು ಅನ್ನುವ ಸಾಧಕನ ಹತ್ತಿರ ಹೋಗಿ, ಬೆಳೆ ಚೆನ್ನಾಗಿ ಬರುವಂತೆ, ಜನರಿಗೆ ಅನ್ನ ಸಿಗುವಂತೆ ದಾವ್ ಹೇಳಿಕೊಡು ಅಂತ ಕೇಳುತ್ತಾನೆ. ಅವನು ಬೈದು ಕಳಿಸುತ್ತಾನೆ: ನೀನು ಆಳಲು ಶುರು ಮಾಡಿದ ಮೇಲೆ ಮೋಡ ಕೂಡುವ ಮೊದಲೇ ಮಳೆ ಬೀಳುತ್ತಿದೆ, ಎಲೆ ಹಣ್ಣಾಗುವ ಮೊದಲೇ ಉದುರುತ್ತಿದೆ. ಚಕ್ರವರ್ತಿ ರಾಜ್ಯ ಬಿಟ್ಟು, ಗುಡಿಸಲು ಕಟ್ಟಿ, ಬಿಳಿ ಹುಲ್ಲಿನ ಚಾಪೆ ಹಾಸಿ ಮೂರು ತಿಂಗಳು ಸುಮ್ಮನಿರುತ್ತಾನೆ. ಮತ್ತೆ ಹೋಗಿ, ಮೊಣಕಾಲ ಮೇಲೆ ತೆವಳುತ್ತಾ, ಮೈಯನ್ನು ಹೇಗೆ ನೋಡಿಕೊಂಡರೆ ಬಹಳ ಕಾಲ ಬಾಳಬಹುದು ಅಂತ ಕೇಳುತ್ತಾನೆ. ಗುವಾಂಗ್‌ಚೆಂಗ್‌ತ್ಸು ತಟ್ಟನೆ ಎದ್ದು ಕೂತು "ಒಳ್ಳೆಯ ಪ್ರಶ್ನೆ" ಅನ್ನುತ್ತಾನೆ.

ಜನರ ಅನ್ನದ ಪ್ರಶ್ನೆಗೆ ಬೈಗುಳ, ಸ್ವಂತ ಆಯುಷ್ಯದ ಪ್ರಶ್ನೆಗೆ ಶಹಬ್ಬಾಸ್. ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಕಥೆಯ ಒಳಗಿನ ತರ್ಕ ಗೊತ್ತು. ಮಳೆ ಬೆಳೆಯನ್ನೂ ತನ್ನ ಹತೋಟಿಗೆ ತರಬೇಕು ಅನ್ನುವ ದೊರೆಯ ಹಟವೇ ಮಳೆ ಬೆಳೆ ಕೆಡಿಸಿದೆ, ಆ ಹಟ ಹೋದರೆ ಎಲ್ಲ ತಾನಾಗಿ ಸರಿಹೋಗುತ್ತದೆ. ಆದರೂ ಆ ಮೂರು ತಿಂಗಳು ಹಸಿದವರು ಏನು ಮಾಡಿದರು? ಕಥೆ ಅದನ್ನು ಕೇಳುವುದಿಲ್ಲ. ಅದೇ ಜುವಾಂಗ್‌ತ್ಸುವಿನ 28ನೇ ಅಧ್ಯಾಯದಲ್ಲಿ ಬೇರೆ ಥರದ ದೊರೆಯೂ ಇದ್ದಾನೆ. ಬಿನ್‌ನ ದಾನ್‌ಫೂ. ಶತ್ರುಗಳು ನೆಲ ಬೇಕು ಅಂತ ದಂಡೆತ್ತಿ ಬಂದಾಗ, ಅನ್ನ ಕೊಡುವ ನೆಲಕ್ಕಾಗಿ ಅನ್ನ ತಿನ್ನುವವರನ್ನು ಸಾಯಿಸಲಾರೆ ಅಂತ ಊರುಗೋಲು ಹಿಡಿದು ಹೊರಟುಬಿಡುತ್ತಾನೆ. ಜನ ಅವನ ಹಿಂದೆಯೇ ನಡೆದು ಬಂದು ಚೀ ಬೆಟ್ಟದ ಬುಡದಲ್ಲಿ ಹೊಸ ರಾಜ್ಯ ಕಟ್ಟುತ್ತಾರೆ. ಅಧಿಕಾರ ಬಿಡುವುದು ಜನರನ್ನು ಉಳಿಸುವ ದಾರಿಯೂ ಆಗಬಹುದು ಅಂತ ತೋರಿಸುವ ಈ ಕಥೆಯನ್ನು ಹಳದಿ ಚಕ್ರವರ್ತಿಯ ಕಥೆಯ ಪಕ್ಕದಲ್ಲಿಟ್ಟು ಓದಿ.

"ಒಳಗೆ ಸಂತ, ಹೊರಗೆ ದೊರೆ" ಅನ್ನುವ ಹೆಸರಾಂತ ಮಾತು ಬರುವುದೂ ಈ ಗ್ರಂಥದಲ್ಲೇ, ಕೊನೆಯ 33ನೇ ಅಧ್ಯಾಯದಲ್ಲಿ. ಮುಂದೆ ಅದನ್ನು ಕನ್‌ಫ್ಯೂಷಿಯಸ್ ಪಂಥದವರು ತಮ್ಮದಾಗಿಸಿಕೊಂಡರು.

ಹುವಾಂಗ್-ಲಾವ್: ನಿಜವಾಗಿ ಆಳಿದವರ ದಾವ್

1973ರಲ್ಲಿ ಹುನಾನ್‌ನ ಚಾಂಗ್‌ಶಾ ಹತ್ತಿರದ ಮಾವಾಂಗ್‌ದುಯಿಯಲ್ಲಿ 3ನೇ ಗೋರಿ ತೆರೆದರು. ಅದನ್ನು ಮುಚ್ಚಿದ್ದು ಕ್ರಿ.ಪೂ. 168ರಲ್ಲಿ. ರೇಷ್ಮೆಯ ಮೇಲೆ ಬರೆದ ಲಾವೋತ್ಸುವಿನ ಎರಡು ಪ್ರತಿ ಸಿಕ್ಕವು. ಒಂದು ಪ್ರತಿಯ ಮುಂದೆ, ಅದೇ ರೇಷ್ಮೆಯ ಮೇಲೆ, ಬೇರೆ ನಾಲ್ಕು ಬರಹಗಳಿದ್ದವು. ಮೊದಲನೆಯದರ ಮೊದಲ ಸಾಲೇ "ದಾವ್ ಕಾನೂನನ್ನು ಹುಟ್ಟಿಸುತ್ತದೆ". ಅದೇ ಗೋರಿಯಲ್ಲಿ ಮೈ ಬಗ್ಗಿಸಿ, ಕೈ ಚಾಚಿ ವ್ಯಾಯಾಮ ಮಾಡುವ 44 ಮಂದಿಯ ಚಿತ್ರಪಟವೂ ಸಿಕ್ಕಿತು. ಗಂಡಸರು, ಹೆಂಗಸರು, ಮುದುಕರು, ಯುವಕರು ಎಲ್ಲರೂ ಇದ್ದಾರೆ. ಸತ್ತವನು ಶ್ರೀಮಂತ ಅಧಿಕಾರಿ ಮನೆತನದವನು. ಅವನ ಪಾಲಿಗೆ ಉಸಿರಿನ ವ್ಯಾಯಾಮ, ಲಾವೋತ್ಸು, ಕಾನೂನು ಶಾಸ್ತ್ರ ಎಲ್ಲ ಒಂದೇ ಗೋರಿಗೆ ಸೇರಬೇಕಾದ ಸಾಮಾನು. ನಮ್ಮ ವಿಷಯವನ್ನು ಇಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಜಾಗ ನನಗೆ ಗೊತ್ತಿಲ್ಲ.

ಇದು ಪುಸ್ತಕದಲ್ಲಷ್ಟೇ ಉಳಿಯಲಿಲ್ಲ. ಚಿನ್ ನಂತರ ಬಂದ ಹಾನ್ ರಾಜವಂಶದ ಮೊದಲ ದಶಕಗಳಲ್ಲಿ ಆಳ್ವಿಕೆಗೇ ಬಂತು. ಚೀ ಪ್ರಾಂತ್ಯದ ಮಂತ್ರಿಯಾಗಿದ್ದ ತ್ಸಾವ್ ಶೆನ್ ಅನ್ನುವ ಹಳೆಯ ಸೇನಾನಿ, ಗಾಯ್ ಅನ್ನುವ ಹುವಾಂಗ್-ಲಾವ್ ಗುರುವನ್ನು ಕರೆಸಿದ. ಗುರು ಹೇಳಿದ್ದು: ಆಳ್ವಿಕೆಯಲ್ಲಿ ಶಾಂತಿ ಮುಖ್ಯ, ಜನ ತಾವಾಗಿ ನೆಲೆ ನಿಲ್ಲುತ್ತಾರೆ. ಕ್ರಿ.ಪೂ. 193ರಲ್ಲಿ ಇಡೀ ಸಾಮ್ರಾಜ್ಯದ ಪ್ರಧಾನ ಮಂತ್ರಿಯಾದಾಗಲೂ ತ್ಸಾವ್ ಶೆನ್ ಏನನ್ನೂ ಬದಲಿಸಲಿಲ್ಲ. ಹೆಸರು ಮಾಡಲು ಹವಣಿಸುವ ಅಧಿಕಾರಿಗಳನ್ನು ತೆಗೆದ, ಮಾತು ಕಡಿಮೆ ಇರುವ ಹಿರಿಯರನ್ನು ಇಟ್ಟುಕೊಂಡ, ಹಗಲು ರಾತ್ರಿ ಹೆಂಡ ಕುಡಿದ. ಚಕ್ರವರ್ತಿ ಕೇಳಿದಾಗ, ಹಿಂದಿನವರು ಕಾನೂನು ಮಾಡಿಟ್ಟಿದ್ದಾರೆ, ನಾವು ಅದನ್ನು ಕೆಡಿಸದೆ ಇದ್ದರೆ ಸಾಕಲ್ಲವೇ ಅಂದ. ದಶಕಗಳ ಯುದ್ಧದಲ್ಲಿ ಬೆಂದ ಜನರಿಗೆ ಈ ಬಿಡುವು ನಿಜಕ್ಕೂ ಬೇಕಿತ್ತು. ಅವನನ್ನು ಹೊಗಳಿ ಜನ ಹಾಡು ಕಟ್ಟಿದರು ಅಂತ ಸೀಮಾ ಚಿಯೆನ್ ಬರೆದಿದ್ದಾನೆ.

ಅಪಾಯವೂ ಇಲ್ಲೇ ಇದೆ. ಮೇಲೆ ಶಾಂತಿ, ಕೆಳಗೆ ಕಾನೂನು. ಆ ಕಾನೂನು ಕಠಿಣವಾಗಿದ್ದರೆ? ಕ್ರಿ.ಪೂ. 233ರಲ್ಲಿ ಸತ್ತ ಹಾನ್ ಫೇ ಲಾವೋತ್ಸುವಿಗೆ ವ್ಯಾಖ್ಯಾನ ಬರೆದವನೇ. ಅವನು ಬಿಡಿಸಿ ಹೇಳುತ್ತಾನೆ: ಜಾಣ ದೊರೆ ಮೇಲೆ ಏನೂ ಮಾಡದೆ ಕೂರುತ್ತಾನೆ, ಮಂತ್ರಿಗಳು ಕೆಳಗೆ ನಡುಗುತ್ತಾರೆ. ಅದೇ ಮೌನ, ಅದೇ ಸುಮ್ಮನಿರುವಿಕೆ. ಲಾವೋತ್ಸುವಿನ 17ನೇ ಅಧ್ಯಾಯದಲ್ಲಿ ಕಾಣದ ದೊರೆ ಜನರಿಗೆ ಹಗುರ, ಇಲ್ಲಿ ಕಾಣದ ದೊರೆ ಎದೆಯ ಮೇಲಿನ ಭಾರ. ಹುವಾಂಗ್-ಲಾವ್ ಓದುವಾಗ ಈ ಎರಡರಲ್ಲಿ ಯಾವುದು ಅಂತ ಪುಟ ಪುಟಕ್ಕೂ ನೋಡುತ್ತಿರಬೇಕು. ರಾಜಕೀಯ ಚರಿತ್ರೆಯ ರುಚಿ ಇಲ್ಲದವರಿಗೆ ಇದು ಒಣ ಓದು. ಶುರುವಿಗೆ ಬೇಡ.

ಹುವಾಯ್‌ನಾನ್‌ತ್ಸು: ಎಲ್ಲವನ್ನೂ ಕೂಡಿಸಲು ಹೊರಟ ಗ್ರಂಥ

ಕ್ರಿ.ಪೂ. 139ರಲ್ಲಿ ಹುವಾಯ್‌ನಾನ್‌ನ ರಾಜ ಲಿಯೂ ಆನ್ ತನ್ನ ಬಂಧು, ಹರೆಯದ ಚಕ್ರವರ್ತಿ ವೂಗೆ ಕೊಟ್ಟ ಗ್ರಂಥ. 21 ಅಧ್ಯಾಯ. ಬಾನು, ಭೂಗೋಳ, ಋತು, ಪ್ರಾಣಶಕ್ತಿ, ಯುದ್ಧ, ಎಲ್ಲವೂ ಇದೆ. 7ನೆಯದು ಒಳಗಿನ ಸಾಧನೆಯ ಬಗ್ಗೆ, 9ನೆಯದು ದೊರೆಯ ಕೆಲಸದ ಬಗ್ಗೆ. ದೊಡ್ಡದು, ಮತ್ತೆ ಮತ್ತೆ ಅದನ್ನೇ ಹೇಳುತ್ತದೆ, ಕೆಲವು ಕಡೆ ಸುಸ್ತಾಗಿಸುತ್ತದೆ. ಪೂರ್ತಿ ಇಂಗ್ಲಿಷ್ ಅನುವಾದ 2010ರಲ್ಲಿ ಬಂತು.

ಆದರೆ ನನ್ನ ಮೂರನೇ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು ಇಲ್ಲಿ, 14ನೇ ಅಧ್ಯಾಯದಲ್ಲಿ. ಆಳ್ವಿಕೆಯ ಬೇರು ಜನರನ್ನು ನೆಮ್ಮದಿಯಾಗಿಡುವುದು. ನೆಮ್ಮದಿಯ ಬೇರು ಅವರಿಗೆ ಬೇಕಾದಷ್ಟು ಇರುವುದು. ಅದರ ಬೇರು ಅವರ ಬಿತ್ತನೆ ಕೊಯ್ಲಿನ ಕಾಲವನ್ನು ಕಸಿಯದಿರುವುದು. ಅದರ ಬೇರು ಸರ್ಕಾರಿ ಕೆಲಸ ಕಡಿಮೆ ಮಾಡುವುದು. ಅದರ ಬೇರು ದೊರೆ ಬಯಕೆಗೆ ಮಿತಿ ಹಾಕಿಕೊಳ್ಳುವುದು. ಅದರ ಬೇರು ಸಹಜ ಸ್ವಭಾವಕ್ಕೆ ಮರಳುವುದು, ಒಳಗಿನ ಹೊರೆ ಇಳಿಸಿ ಖಾಲಿಯಾಗುವುದು.

ಈ ಸರಪಳಿಯನ್ನು ಕೊನೆಯಿಂದ ಮೊದಲಿಗೆ ಓದಿ ನೋಡಿ. ದೊರೆಗೆ ಹೊಸ ಅರಮನೆಯ ಆಸೆ ಹುಟ್ಟಿತು. ಕೆಲಸಕ್ಕೆ ಆಳು ಬೇಕು. ಬಿತ್ತನೆಯ ಹೊತ್ತಿಗೆ ರೈತನನ್ನು ಬಿಟ್ಟಿ ಕೆಲಸಕ್ಕೆ ಎಳೆದೊಯ್ದರು. ಹೊಲ ಬೀಳು ಬಿತ್ತು, ಮಕ್ಕಳು ಹಸಿದವು. ಮನಸ್ಸಿನ ಸಾಧನೆ ಯಾಕೆ ಆಳ್ವಿಕೆಯ ವಿಷಯ ಅಂತ ಕೇಳಿದರೆ ಇದೇ ಕಾರಣ. ಲಾವೋತ್ಸು ವಿವರಿಸದೆ ಹಾರಿದ ಜಾಗದಲ್ಲಿ ಲಿಯೂ ಆನ್‌ನ ಪಂಡಿತರು ಒಂದೊಂದಾಗಿ ಮೆಟ್ಟಿಲು ಕಟ್ಟಿದ್ದಾರೆ.

ಹಾಗಾದರೆ ನಿಮಗೆ ಯಾವುದು?

ಧ್ಯಾನ, ಪ್ರಾಣಾಯಾಮದ ಅಭ್ಯಾಸ ಇದ್ದು, ಅದರ ಚೀನೀ ಬೇರು ನೋಡಬೇಕು ಅನ್ನುವವರು ನೇಯ್‌ಯೆಯಿಂದ ಶುರು ಮಾಡಿ. ಹೆರಾಲ್ಡ್ ರಾತ್ 1999ರಲ್ಲಿ ತಂದ ಇಂಗ್ಲಿಷ್ ಅನುವಾದ ಇದೆ. ಆಮೇಲೆ ಲಾವೋತ್ಸುವಿಗೆ ಹೋದರೆ 10ನೇ ಅಧ್ಯಾಯದ ಉಸಿರಿನ ಸಾಲುಗಳು ಒಗಟಾಗಿ ಉಳಿಯುವುದಿಲ್ಲ. ಹಾನ್ ಕಾಲದ್ದೆನ್ನುವ ಹೆಶಾಂಗ್ ಗೊಂಗ್ ವ್ಯಾಖ್ಯಾನವೂ ನಿಮಗೆ ಹಿಡಿಸುತ್ತದೆ. ದೇಶ ಆಳುವುದೂ ಮೈ ಆಳುವುದೂ ಒಂದೇ ಅಂತ ಅದು ಅಧ್ಯಾಯದಿಂದ ಅಧ್ಯಾಯಕ್ಕೆ ತೋರಿಸುತ್ತಾ ಹೋಗುತ್ತದೆ.

ನಿಮ್ಮ ಕೈಕೆಳಗೆ ಜನ ಇದ್ದಾರಾ? ಶಾಲೆಯ ಮುಖ್ಯಸ್ಥರು, ಪಂಚಾಯಿತಿ ಸದಸ್ಯರು, ಕಚೇರಿಯಲ್ಲಿ ತಂಡ ನಡೆಸುವವರು, ಇಂಥವರು ಲಾವೋತ್ಸುವನ್ನೇ ಮೊದಲು ಹಿಡಿಯಿರಿ. 17, 57, 60, 75 ಮೊದಲು. ಆಮೇಲೆ 13 ಮತ್ತು 54. 3 ಮತ್ತು 65 ಬಂದಾಗ ನಿಮ್ಮನ್ನು ದೊರೆಯ ಜಾಗದಲ್ಲಿ ಇಟ್ಟುಕೊಳ್ಳಬೇಡಿ, ಜನರ ಜಾಗದಲ್ಲಿ ನಿಂತು ಓದಿ.

ಮೇಲಿನವರ ಜೊತೆ ಹೆಣಗುತ್ತಿದ್ದರೆ, ಹೇಳಬೇಕೋ ಸುಮ್ಮನಿರಬೇಕೋ, ಇರಬೇಕೋ ಬಿಟ್ಟು ಹೋಗಬೇಕೋ ಅನ್ನುವ ತೊಳಲಾಟ ಇದ್ದರೆ, ಜುವಾಂಗ್‌ತ್ಸುವಿನ 4ನೇ ಅಧ್ಯಾಯ. ಮೊದಲ ಮೂರನ್ನು ಆಮೇಲೆ ಓದಬಹುದು, ಏನೂ ನಷ್ಟವಿಲ್ಲ. ಸಾಕಾಗಿ ಎಲ್ಲ ಬಿಟ್ಟುಬಿಡೋಣ ಅನ್ನಿಸುತ್ತಿರುವವರಿಗೆ ಮಾತ್ರ ಶೂ ಯೂ ಮತ್ತು ಆಮೆಯ ಕಥೆಗಳನ್ನೇ ಮೊದಲು ಕೊಡಲು ನನಗೆ ಮನಸ್ಸಿಲ್ಲ. ಅವು ಈಗಾಗಲೇ ಮಾಡಿದ ತೀರ್ಮಾನಕ್ಕೆ ಮುದ್ರೆ ಒತ್ತುವ ಕಥೆಗಳಾಗಿಬಿಡುತ್ತವೆ. ಅಂಥವರು ದಾನ್‌ಫೂವಿನ ಕಥೆಯಿಂದ ಶುರು ಮಾಡಲಿ.

ಇತಿಹಾಸ, ಕಾನೂನು, ಆಡಳಿತ ಓದುವವರಿಗೆ ತ್ಸಾವ್ ಶೆನ್‌ನ ಕಾಲ ಮತ್ತು ಮಾವಾಂಗ್‌ದುಯಿ ಬರಹಗಳು, ಪಕ್ಕದಲ್ಲಿ ಹಾನ್ ಫೇಯ 5ನೇ ಅಧ್ಯಾಯ. ಬಿಡಿಯಾಗಿ ಓದಬೇಡಿ, ಎರಡನ್ನೂ ಒಟ್ಟಿಗೆ ಓದಿ.

ಹುವಾಯ್‌ನಾನ್‌ತ್ಸುವನ್ನು ಕೊನೆಗೆ ಇಟ್ಟುಕೊಳ್ಳಿ, ಆದರೆ ಬಿಡಬೇಡಿ. 14ನೇ ಅಧ್ಯಾಯದ ಸರಪಳಿ, 7 ಮತ್ತು 9, ಇಷ್ಟಾದರೂ ಓದಿ. ಓದುವಾಗ ಅದನ್ನು ಯಾರಿಗೆ ಕೊಟ್ಟರು ಅನ್ನುವುದು ತಲೆಯಲ್ಲಿರಲಿ. ಚಕ್ರವರ್ತಿ ವೂ ಗ್ರಂಥವನ್ನು ಇಟ್ಟುಕೊಂಡ, ಮುಂದೆ ದೂರದ ಯುದ್ಧಗಳಿಗೆ ದಂಡು ಕಳಿಸಿದ, ಅದರ ಖರ್ಚಿಗೆ ಉಪ್ಪು ಕಬ್ಬಿಣದ ವ್ಯಾಪಾರವನ್ನೂ ಸರ್ಕಾರದ ಕೈಗೆ ತೆಗೆದುಕೊಂಡ. ಲಿಯೂ ಆನ್ ಮೇಲೆ ದಂಗೆಯ ಆರೋಪ ಬಂತು. ಕ್ರಿ.ಪೂ. 122ರಲ್ಲಿ ಅವನು ಪ್ರಾಣ ಕಳೆದುಕೊಂಡ.